ಧ್ರುವ ಕಾಣದ ಕಾಡಿನಲ್ಲಿ

ಏಪ್ರಿಲ್ ತಿಂಗಳ ಒಂದು ರಾತ್ರಿ ಕೊಪ್ಪದ ಸಮೀಪದ ಒಂದು ತೋಟದ ಮನೆಯ ಅಂಗಳದಲ್ಲಿ ನಿಂತು ನಾವು ಧ್ರುವ ನಕ್ಷತ್ರವನ್ನು ಹುಡುಕಿದೆವು. ಕರೆಂಟು ಹೋಗಿತ್ತು. ಮೋಡವಿರಲಿಲ್ಲ. ಉತ್ತರದ ಆಕಾಶದಲ್ಲಿ ಸಪ್ತರ್ಷಿ ಮಂಡಲ ಸ್ಪಷ್ಟವಾಗಿ ಹರಡಿಕೊಂಡಿತ್ತು. ಶಾಲೆಯಲ್ಲಿ ಕಲಿತಂತೆ ಅದರ ತುದಿಯ ಎರಡು ನಕ್ಷತ್ರಗಳನ್ನು, ಅಂದರೆ ಪುಲಹ ಮತ್ತು ಕ್ರತುವನ್ನು, ಕಣ್ಣಿನಲ್ಲೇ ಗೆರೆ ಎಳೆದು ಜೋಡಿಸಿ, ಆ ಗೆರೆಯನ್ನು ಐದು ಪಟ್ಟು ಮುಂದಕ್ಕೆ ಎಳೆದೆವು. ಗೆರೆ ಹೋಗಿ ಅಡಿಕೆ ಮರಗಳ ತಲೆಯಲ್ಲಿ ಸಿಕ್ಕಿಕೊಂಡಿತು. ಅದರ ಹಿಂದೆ ಗುಡ್ಡ, ಗುಡ್ಡದ ಮೇಲೆ ಕಾಡು. ಧ್ರುವ ಆ ಕತ್ತಲೆಯ ಆಚೆ ಎಲ್ಲೋ ಇತ್ತು.

ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಒಂದು ಊರು ಭೂಮಧ್ಯರೇಖೆಯಿಂದ ಎಷ್ಟು ಡಿಗ್ರಿ ಉತ್ತರಕ್ಕಿದೆಯೋ, ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಎತ್ತರದಲ್ಲಿ ಅಲ್ಲಿ ಧ್ರುವ ಕಾಣುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ 13 ಮತ್ತು 14 ಡಿಗ್ರಿಗಳ ನಡುವೆ ಇವೆ. ಕೈಯನ್ನು ನೀಳವಾಗಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು ಹತ್ತು ಡಿಗ್ರಿ. ಆ ಲೆಕ್ಕದಲ್ಲಿ ನಮ್ಮ ಮಲೆನಾಡಿನ ಧ್ರುವ ಭೂಮಿಯ ಅಂಚಿನಿಂದ ಒಂದು ಮುಷ್ಟಿ, ಮೇಲೆ ಎರಡು ಬೆರಳು. ಎದುರಿಗೆ ಒಂದು ಹಲಸಿನ ಮರವಿದ್ದರೂ ಸಾಕು, ಮುಚ್ಚಿಹೋಗುತ್ತದೆ. ಅರಬ್ ನಾವಿಕರು ಈ ನಕ್ಷತ್ರವನ್ನು ‘ಅಲ್ ಜಾಹ್’ ಎಂದು ಕರೆದು, ಅದರ ಎತ್ತರವನ್ನು ಬೆರಳಿನ ಲೆಕ್ಕದಲ್ಲೇ ಅಳೆಯುತ್ತಿದ್ದರು. ಗಂಟು ಹಾಕಿದ ದಾರಕ್ಕೆ ಕಟ್ಟಿದ ಒಂದು ಮರದ ಹಲಗೆ, ‘ಕಮಾಲ್’, ಅವರ ಉಪಕರಣ. ಸಮುದ್ರದ ಮೇಲೆ ಮರ ಅಡ್ಡ ಬರುವುದಿಲ್ಲವಲ್ಲ!

ನಾವು ಅಂದು ಧ್ರುವವನ್ನು ಹುಡುಕಿದ್ದಕ್ಕೆ ಕಾರಣ ಅಮೆರಿಕದ ಒಂದು ಹೆಂಗಸು. ಮೇರಿಲ್ಯಾಂಡ್ ರಾಜ್ಯದಲ್ಲಿ 1822ರ ಸುಮಾರಿಗೆ ಗುಲಾಮರ ಮಗಳಾಗಿ ಹುಟ್ಟಿದ ಹ್ಯಾರಿಯೆಟ್ ಟಬ್‌ಮನ್. ಓದು ಬರಹ ಬಾರದು. ನಕಾಶೆ ಇಲ್ಲ. 1849ರಲ್ಲಿ ಒಬ್ಬಳೇ ಹೊರಟು ರಾತ್ರಿ ನಡೆದು, ಹಗಲು ಅಡಗಿ, ಗುಲಾಮಗಿರಿ ಇಲ್ಲದ ಪೆನ್ಸಿಲ್ವೇನಿಯಾ ತಲುಪಿದಳು. ಅವಳಿಗೆ ದಿಕ್ಕು ತೋರಿಸಿದ್ದು ಧ್ರುವ. ಅಲ್ಲಿ ಅದು ನಾಲ್ಕು ಮುಷ್ಟಿಯಷ್ಟು ಎತ್ತರದಲ್ಲಿದೆ, ಮರಗಳ ಮೇಲಿನಿಂದಲೂ ಕಾಣುತ್ತದೆ. ಅಲ್ಲಿಗೇ ನಿಂತಿದ್ದರೆ ಅವಳ ಕಥೆ ಅವಳೊಬ್ಬಳದೇ ಆಗುತ್ತಿತ್ತು. ಆದರೆ ಅವಳು ಮುಂದಿನ ಹತ್ತು ವರ್ಷಗಳಲ್ಲಿ ಸುಮಾರು ಹದಿಮೂರು ಬಾರಿ ಅದೇ ಅಪಾಯದ ನಾಡಿಗೆ ಹಿಂತಿರುಗಿ ಎಪ್ಪತ್ತರಷ್ಟು ಜನರನ್ನು ಕರೆತಂದಳು. ಚಳಿಗಾಲದ ದೀರ್ಘ ರಾತ್ರಿಗಳನ್ನೇ ಆರಿಸಿಕೊಳ್ಳುತ್ತಿದ್ದಳು. ಹೊರಡುವುದು ಶನಿವಾರ ರಾತ್ರಿ, ಏಕೆಂದರೆ ‘ಗುಲಾಮ ಓಡಿಹೋಗಿದ್ದಾನೆ’ ಎಂಬ ಜಾಹೀರಾತು ಸೋಮವಾರದವರೆಗೆ ಪತ್ರಿಕೆಯಲ್ಲಿ ಅಚ್ಚಾಗುತ್ತಿರಲಿಲ್ಲ. ಅಕ್ಷರ ಬಾರದವಳು ಪತ್ರಿಕೆಯ ವೇಳಾಪಟ್ಟಿಯನ್ನು ಚೆನ್ನಾಗಿ ಓದಿಕೊಂಡಿದ್ದಳು! 1850ರಲ್ಲಿ ಓಡಿಹೋದ ಗುಲಾಮರನ್ನು ಉತ್ತರದ ರಾಜ್ಯಗಳಿಂದಲೂ ಹಿಡಿದು ಒಪ್ಪಿಸುವ ಕಾನೂನು ಬಂದಾಗ, ಅವಳು ಜನರನ್ನು ಇನ್ನೂ ಉತ್ತರಕ್ಕೆ, ಕೆನಡಾದ ನೆಲಕ್ಕೇ ಕರೆದೊಯ್ದಳು. ಅವಳಿಗಿಂತ ಮೊದಲೇ, 1847ರಲ್ಲಿ, ತಾನೂ ಗುಲಾಮಗಿರಿಯಿಂದ ತಪ್ಪಿಸಿಕೊಂಡು ಬಂದಿದ್ದ ಫ್ರೆಡರಿಕ್ ಡಗ್ಲಾಸ್ ತಾನು ಆರಂಭಿಸಿದ ಪತ್ರಿಕೆಗೆ ‘ನಾರ್ತ್ ಸ್ಟಾರ್’ ಎಂದೇ ಹೆಸರಿಟ್ಟಿದ್ದ.

ಆ ನಕ್ಷತ್ರ ಚಿತ್ರಕಾರರ ಕುಂಚಕ್ಕೂ ಇಳಿಯಿತು. 1936ರಲ್ಲಿ ಆರನ್ ಡಗ್ಲಾಸ್ ಬರೆದ ‘ಇನ್‌ಟು ಬಾಂಡೇಜ್’ ಎಂಬ ಚಿತ್ರದಲ್ಲಿ ಕೈಕೋಳ ತೊಟ್ಟ ಜನ ಸಮುದ್ರದ ಕಡೆಗೆ, ದೂರದ ಹಡಗುಗಳ ಕಡೆಗೆ ಸಾಗುತ್ತಿದ್ದಾರೆ. ಒಬ್ಬನ ಮುಖ ಮಾತ್ರ ಮೇಲಕ್ಕೆ ತಿರುಗಿದೆ. ಒಂದು ನಕ್ಷತ್ರದ ಕಿರಣ ಓರೆಯಾಗಿ ಇಳಿದು ಬಂದು ಅವನನ್ನು ಮುಟ್ಟುತ್ತಿದೆ. ಬಂಧನದ ಮೊದಲ ದಿನವೇ ಬಿಡುಗಡೆಯ ನಕ್ಷತ್ರವನ್ನು ಚಿತ್ರಿಸಿದ ಧೈರ್ಯ ಅದು. 1939–40ರಲ್ಲಿ, ಇನ್ನೂ ಇಪ್ಪತ್ತೆರಡರ ಆಸುಪಾಸಿನಲ್ಲಿದ್ದ ಜೇಕಬ್ ಲಾರೆನ್ಸ್ ಟಬ್‌ಮನ್‌ಳ ಬದುಕನ್ನು 31 ಚಿತ್ರಗಳ ಮಾಲೆಯಾಗಿ ಬರೆದ. ಕಪ್ಪು, ನೀಲಿ, ಒಂದಿಷ್ಟು ಬಿಳಿ, ಅಲ್ಲಲ್ಲಿ ಬಾಗಿದ ಮೈಗಳು. ರಾತ್ರಿಯನ್ನು ಅಷ್ಟು ಕಡಿಮೆ ಬಣ್ಣದಲ್ಲಿ ಹೇಳಿದವರು ವಿರಳ.

ಇವುಗಳಿಗಿಂತ ನಮ್ಮ ಮನಸ್ಸಿಗೆ ಹತ್ತಿರವಾದದ್ದು ಒಂದು ಕೌದಿ. ಜಾರ್ಜಿಯಾದಲ್ಲಿ 1837ರಲ್ಲಿ ಗುಲಾಮಳಾಗಿ ಹುಟ್ಟಿದ ಹ್ಯಾರಿಯೆಟ್ ಪವರ್ಸ್, ಬಿಡುಗಡೆಯ ನಂತರ, ಬೈಬಲಿನ ಕಥೆಗಳನ್ನೂ ತನ್ನ ಸೀಮೆಯ ಸಂಗತಿಗಳನ್ನೂ ಬಟ್ಟೆಯ ತುಂಡುಗಳಲ್ಲಿ ಹೊಲಿದಳು. 1833ರ ನವೆಂಬರ್ 13ರ ರಾತ್ರಿ ಅಮೆರಿಕದ ಆಕಾಶದಲ್ಲಿ ಉಲ್ಕೆಗಳು ಮಳೆಯಂತೆ ಸುರಿದಿದ್ದವು. ಅವಳು ಹುಟ್ಟುವ ಮೊದಲಿನ ಆ ರಾತ್ರಿ ಹಿರಿಯರ ಬಾಯಿಂದ ಅವಳ ಸೂಜಿಗೆ ಬಂದು, ಕೌದಿಯ ಒಂದು ಚೌಕದಲ್ಲಿ ಬೀಳುವ ನಕ್ಷತ್ರಗಳಾಗಿ ಉಳಿಯಿತು. ತನ್ನ ಮೊದಲ ಕೌದಿಗೆ ಅವಳು ಹತ್ತು ಡಾಲರ್ ಕೇಳಿದ್ದಳು. ಕೊನೆಗೆ ಐದಕ್ಕೆ ಕೊಡಬೇಕಾಯಿತು. ಈಗ ಒಂದು ಕೌದಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಗ್ರಹದಲ್ಲಿದೆ, ಇನ್ನೊಂದು ಬಾಸ್ಟನ್ ವಸ್ತುಸಂಗ್ರಹಾಲಯದಲ್ಲಿ.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ಗುಲಾಮರು ಸಪ್ತರ್ಷಿ ಮಂಡಲವನ್ನು ನೀರು ಕುಡಿಯುವ ಸೋರೆಬುರುಡೆ ಎಂದು ಕರೆದು, ಅದನ್ನು ಹಿಂಬಾಲಿಸಿರಿ ಎಂದು ಗುಟ್ಟಾಗಿ ಹಾಡುತ್ತಿದ್ದರು ಎಂಬ ಮಾತು ಪ್ರಸಿದ್ಧ. ಆ ಹಾಡು ಮೊದಲು ಅಚ್ಚಾದದ್ದು 1928ರಲ್ಲಿ, ಗುಲಾಮಗಿರಿ ಹೋಗಿ ಅರುವತ್ತು ವರ್ಷಗಳ ನಂತರ. ಮನೆಯ ಬೇಲಿಯ ಮೇಲೆ ಒಣಹಾಕಿದ ಕೌದಿಗಳ ವಿನ್ಯಾಸದಲ್ಲಿ ದಾರಿಯ ಸಂಕೇತಗಳಿದ್ದವು ಎಂಬ ಕಥೆ ಜನಪ್ರಿಯವಾದದ್ದು 1999ರಲ್ಲಿ ಬಂದ ಒಂದು ಪುಸ್ತಕದಿಂದ. ಎರಡಕ್ಕೂ ಆ ಕಾಲದ ಆಧಾರ ಸಿಗುವುದಿಲ್ಲವೆಂದು ಅನೇಕ ಇತಿಹಾಸಕಾರರು ಹೇಳಿದ್ದಾರೆ. ಕಥೆ ಚೆಂದವಿದೆಯೆಂದು ಅದನ್ನು ಇತಿಹಾಸದ ಪೀಠದಲ್ಲಿ ಕೂರಿಸುವುದು ನಮಗೆ ಸರಿ ಕಾಣುವುದಿಲ್ಲ. ಸುಳ್ಳು ಸೇರಿಸಿ ಗೌರವಿಸಬೇಕಾದಷ್ಟು ಬಡವಾಗಿಲ್ಲ ಆ ಜನರ ಸಾಹಸ. ಧ್ರುವ ನೋಡಿ ನಡೆದವರ ನೇರ ಮಾತುಗಳೇ ಬೇಕಾದಷ್ಟಿವೆ.

ತಪ್ಪಿಸಿಕೊಂಡು ನಡೆದವರಲ್ಲಿ ಒಬ್ಬನ ಕೈಬರಹ ಅರಬಿಯಲ್ಲಿದೆ. ಇಂದಿನ ಸೆನೆಗಲ್‌ನ ಫೂಟಾ ತೋರೊ ಪ್ರದೇಶದ ವಿದ್ವಾಂಸ ಉಮರ್ ಇಬ್ನ್ ಸಈದ್. 1807ರಲ್ಲಿ ಸೆರೆಹಿಡಿದು ಹಡಗಿನಲ್ಲಿ ಚಾರ್ಲ್ಸ್‌ಟನ್‌ಗೆ ತಂದು ಮಾರಲಾಯಿತು. ಕ್ರೂರ ಒಡೆಯನಿಂದ ತಪ್ಪಿಸಿಕೊಂಡು ಉತ್ತರ ಕೆರೊಲಿನಾದ ಫಯೆಟ್‌ವಿಲ್‌ವರೆಗೆ ಹೋಗಿ, ಅಲ್ಲಿ ಒಂದು ಚರ್ಚಿನೊಳಗೆ ಪ್ರಾರ್ಥಿಸುತ್ತಿದ್ದಾಗ ಸಿಕ್ಕಿಬಿದ್ದ. ಜೈಲಿನ ಗೋಡೆಯ ಮೇಲೆ ಇದ್ದಿಲಿನಿಂದ ಅರಬಿಯಲ್ಲಿ ಬರೆದ. ನೋಡುವವರು ಗುಂಪುಗೂಡಿದರು. ಬಿಡುಗಡೆ ಮಾತ್ರ ಸಿಗಲಿಲ್ಲ, ಇನ್ನೊಬ್ಬ ಒಡೆಯ ಸಿಕ್ಕ. 1831ರಲ್ಲಿ ಬರೆದ ಆತ್ಮಕಥೆಯನ್ನು ಆತ ಆರಂಭಿಸಿದ್ದು ಕುರ್‌ಆನಿನ ‘ಅಲ್ ಮುಲ್ಕ್’ ಅಧ್ಯಾಯದಿಂದ. ಒಡೆತನ ಯಾರದು ಎಂಬ ಮಾತಿನಿಂದ ತೊಡಗುವ, ಆಕಾಶವನ್ನು ದೀಪಗಳಿಂದ ಸಿಂಗರಿಸಿದ ಪ್ರಸ್ತಾಪವಿರುವ ಅಧ್ಯಾಯವದು. ಒಬ್ಬ ಗುಲಾಮ ತನ್ನ ಬದುಕಿನ ಮೊದಲ ಪುಟದಲ್ಲಿ ಇದನ್ನೇ ಏಕೆ ಬರೆದ ಎಂದು ವಿವರಿಸಬೇಕಾಗಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2017ರಲ್ಲಿ ಆ ಹಸ್ತಪ್ರತಿಯನ್ನು ಪಡೆಯಿತು. ಅವನ ಬದುಕನ್ನು ಆಧರಿಸಿ ರಿಯಾನನ್ ಗಿಡನ್ಸ್ ಮತ್ತು ಮೈಕೆಲ್ ಏಬಲ್ಸ್ ರಚಿಸಿದ ‘ಉಮರ್’ ಸಂಗೀತ ನಾಟಕ 2022ರಲ್ಲಿ ಚಾರ್ಲ್ಸ್‌ಟನ್‌ನಲ್ಲೇ ಮೊದಲ ಪ್ರದರ್ಶನ ಕಂಡು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಮಾರಿದ ಊರಿನಲ್ಲೇ ಹಾಡಿದರು.

ಸರಿ, ಅಮೆರಿಕದವರಿಗೆ ಅವರ ನಕ್ಷತ್ರ. ನಮ್ಮವರಿಗೆ?

ನಮ್ಮಲ್ಲಿ ಗುಲಾಮರೇ ಇರಲಿಲ್ಲ ಎಂದು ಹೇಳುವವರು ಈಗಲೂ ಇದ್ದಾರೆ. ಅವರು ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಮೈಸೂರು ಗೆಜೆಟಿಯರ್ ಸಿದ್ಧಪಡಿಸಿದ ಬಿ. ಎಲ್. ರೈಸ್ ಅವರ ಕಾಲದ ದಾಖಲೆಗಳನ್ನು ನೋಡಬೇಕು. ಮಲೆನಾಡಿನಲ್ಲಿ ಎರಡು ಬಗೆಯ ಆಳುಗಳಿದ್ದರೆಂದು ಅವು ಹೇಳುತ್ತವೆ. ಒಡೆಯನ ಮನೆಯಲ್ಲೇ ಹುಟ್ಟಿ, ತಲೆಮಾರಿನಿಂದ ಆ ಮನೆತನಕ್ಕೆ ಸೇರಿದವನು ಹುಟ್ಟಾಳು. ಜಮೀನಿನ ಜೊತೆಗೇ ಕೊಂಡು ಮಾರಲ್ಪಡುವವನು ಮಣ್ಣಾಳು. ಈ ಎರಡು ಪದಗಳನ್ನು ನಿಧಾನವಾಗಿ ಓದಿಕೊಳ್ಳಬೇಕು. ಒಬ್ಬನನ್ನು ಹುಟ್ಟು ಕಟ್ಟಿಹಾಕಿದೆ, ಇನ್ನೊಬ್ಬನನ್ನು ಮಣ್ಣು. ಅಸ್ಪೃಶ್ಯರೆಂದು ಊರ ಹೊರಗೆ ಇಟ್ಟವರಿಂದಲೇ ಊರೊಳಗಿನ ಗದ್ದೆ, ತೋಟಗಳೆಲ್ಲ ನಡೆಯುತ್ತಿದ್ದವು. ಬ್ರಿಟಿಷ್ ಇಂಡಿಯಾದಲ್ಲಿ 1843ರ ಕಾಯ್ದೆ ಗುಲಾಮಗಿರಿಗೆ ಕಾನೂನಿನ ಬೆಂಬಲವನ್ನು ತೆಗೆದುಹಾಕಿತು. ಆಮೇಲೂ ಮದುವೆಗೆಂದು ಪಡೆದ ಸಾಲ, ಕಾಯಿಲೆಗೆಂದು ಪಡೆದ ಸಾಲ, ಅಪ್ಪನ ಸಾಲ, ಅಜ್ಜನ ಸಾಲ ಅದೇ ಕೆಲಸವನ್ನು ಮಾಡಿದವು. ಜೀತವನ್ನು ದೇಶದಲ್ಲಿ ಕಾಯ್ದೆಯ ಮೂಲಕ ರದ್ದುಪಡಿಸಿದ್ದು 1976ರಲ್ಲಿ. ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡದ್ದು 1865ರಲ್ಲಿ. ನಡುವೆ 111 ವರ್ಷಗಳ ಅಂತರ.

ಈ ಜನರಿಗೆ ನಕ್ಷತ್ರ ಗೊತ್ತಿರಲಿಲ್ಲವೆ? ಚೆನ್ನಾಗಿ ಗೊತ್ತಿತ್ತು. ಮಲೆನಾಡಿನ ಬೇಸಾಯವೆಲ್ಲ ಮಳೆ ನಕ್ಷತ್ರದ ಲೆಕ್ಕದಲ್ಲೇ ನಡೆಯುವುದು. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ. ಯಾವ ಮಳೆಗೆ ಸಸಿಮಡಿ, ಯಾವ ಮಳೆಗೆ ನಾಟಿ ಎಂಬುದು ಒಡೆಯನಿಗಿಂತ ಕೆಸರಿನಲ್ಲಿ ನಿಂತವನಿಗೆ ಹೆಚ್ಚು ತಿಳಿದಿತ್ತು. ಆದರೆ ಇದರಲ್ಲಿ ಒಂದು ವಿಚಿತ್ರವಿದೆ. ಆರಿದ್ರಾ ಮಳೆ ಎಂದರೆ ಸೂರ್ಯ ಆರಿದ್ರಾ ನಕ್ಷತ್ರದಲ್ಲಿರುವ ದಿನಗಳು, ಜೂನ್ ಕೊನೆಯ ವಾರದಿಂದ ಸುಮಾರು ಎರಡು ವಾರ. ಸೂರ್ಯನ ಜೊತೆಯಲ್ಲಿರುವ ನಕ್ಷತ್ರ ಹಗಲಿನಲ್ಲಿ ಹುಟ್ಟಿ ಹಗಲಿನಲ್ಲೇ ಮುಳುಗುತ್ತದೆ, ರಾತ್ರಿಯ ಆಕಾಶದಲ್ಲಿ ಇರುವುದೇ ಇಲ್ಲ. ಅಂದರೆ ಹುಟ್ಟಾಳು ಯಾವ ನಕ್ಷತ್ರದ ಹೆಸರಿನಲ್ಲಿ ಗದ್ದೆಗೆ ಇಳಿಯಬೇಕಾಗಿತ್ತೋ ಅದು ಆ ದಿನಗಳಲ್ಲಿ ಕಣ್ಣಿಗೆ ಬೀಳದ ನಕ್ಷತ್ರ. ಅಲ್ಲಿ ನಕ್ಷತ್ರ ‘ಹೊರಡು’ ಎಂದಿತು. ಇಲ್ಲಿ ‘ಕೆಲಸಕ್ಕೆ ಬಾ’ ಎಂದಿತು. ಮೋಡ ಕವಿದ ಆ ನಾಲ್ಕು ತಿಂಗಳು ಧ್ರುವವಿರಲಿ, ಚಂದ್ರನೂ ಸರಿಯಾಗಿ ಕಾಣುವುದಿಲ್ಲ. ಆಕಾಶ ತಿಳಿಯಾಗುವ ಹೊತ್ತಿಗೆ ಸಪ್ತರ್ಷಿ ಮಂಡಲ ಸಂಜೆಯ ಬಾನಿನಿಂದ ಇಳಿದುಹೋಗಿರುತ್ತದೆ. ಮತ್ತೆ ಮುಸ್ಸಂಜೆಯಲ್ಲಿ ಏರುವುದು ಬೇಸಗೆಯ ಬಾಗಿಲಿಗೆ.

ಶೃಂಗೇರಿಗೆ ಹೋದವರೆಲ್ಲ ವಿದ್ಯಾಶಂಕರ ದೇವಾಲಯದ ಹನ್ನೆರಡು ರಾಶಿ ಕಂಬಗಳನ್ನು ನೋಡಿರುತ್ತಾರೆ. ಒಂದೊಂದು ಕಂಬದಲ್ಲಿ ಒಂದೊಂದು ರಾಶಿಯ ಚಿಹ್ನೆ. ಆಯಾ ತಿಂಗಳಲ್ಲಿ ಬೆಳಗಿನ ಬಿಸಿಲು ಆಯಾ ರಾಶಿಯ ಕಂಬದ ಮೇಲೆ ಬೀಳುತ್ತದೆಂಬುದು ಅಲ್ಲಿಯ ನಂಬಿಕೆ. ಹದಿನಾಲ್ಕನೆಯ ಶತಮಾನದ ಆ ಶಿಲ್ಪಿಗಳ ಕೈಗೆ ನಮಸ್ಕಾರ ಹೇಳಲೇಬೇಕು. ಕಲ್ಲಿನಲ್ಲಿ ಪಂಚಾಂಗ ಕಟ್ಟುವುದು ಸಾಮಾನ್ಯದ ಮಾತಲ್ಲ. ಆದರೆ ಆ ಕಂಬಗಳ ಬಳಿ ನಿಂತಾಗ ಇನ್ನೊಂದು ಯೋಚನೆಯೂ ಬಂತು. ಈ ಸೀಮೆಯ ನಕ್ಷತ್ರಗಳಿಗೆ ಸಿಕ್ಕಿದ ಅತ್ಯುತ್ತಮ ಕಲೆ ಇದು. ತುಂಗೆಯ ದಂಡೆಯ ಗದ್ದೆಗಳಲ್ಲಿ ಆರಿದ್ರಾ ಮಳೆಗೆ ಬೆನ್ನು ಬಗ್ಗಿಸಿದವರು ಶತಮಾನಗಳ ಕಾಲ ಇದನ್ನು ಒಳಗೆ ಬಂದು ನೋಡುವಂತಿರಲಿಲ್ಲ.

ಹಾಗಾದರೆ ಮಲೆನಾಡಿನ ಓಡಿಹೋದ ಆಳಿಗೆ ಚಿತ್ರವಿಲ್ಲವೆ, ಹಾಡಿಲ್ಲವೆ? ಒಂದು ಕಾದಂಬರಿ ಇದೆ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, 1967. ಕುವೆಂಪು ಬೆಳೆದದ್ದು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಾದರೂ ಹುಟ್ಟಿದ್ದು ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರ ಡಿಸೆಂಬರ್ 29ರಂದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಮಲೆನಾಡು ಅದರ ಹಿನ್ನೆಲೆ. ಸಿಂಬಾವಿಯ ಒಡೆಯರ ಆಳು ಗುತ್ತಿ, ಯಾವಾಗಲೂ ಹುಲಿಯ ಎಂಬ ನಾಯಿಯ ಜೊತೆ ಇರುವುದರಿಂದ ನಾಯಿಗುತ್ತಿ. ಬೆಟ್ಟಳ್ಳಿಯ ಒಡೆಯರ ಆಳಿನ ಮಗಳು ತಿಮ್ಮಿ. ತಿಮ್ಮಿ ಯಾರನ್ನು ಮದುವೆಯಾಗಬೇಕೆಂಬುದು ತಿಮ್ಮಿಯ ಕೈಯಲ್ಲಿಲ್ಲ, ಒಡೆಯರ ಮಾತು. ಒಂದು ರಾತ್ರಿ ಗುತ್ತಿ ಅವಳನ್ನು ಕರೆದುಕೊಂಡು ಕಾಡು ಬೀಳುತ್ತಾನೆ.

ನಮ್ಮ ನಾಡಿನ ಸಾಹಿತ್ಯದಲ್ಲಿ ಇಬ್ಬರು ಆಳುಗಳ ರಾತ್ರಿಯ ಓಟಕ್ಕೆ ಇಷ್ಟು ಪುಟಗಳನ್ನು, ಇಷ್ಟು ಅಕ್ಕರೆಯನ್ನು ಕೊಟ್ಟ ಇನ್ನೊಂದು ಕೃತಿ ನಮಗೆ ನೆನಪಾಗುವುದಿಲ್ಲ. ಅದನ್ನು ಕೊಟ್ಟವರು ಒಡೆಯರ ಮನೆಯಲ್ಲಿ ಹುಟ್ಟಿದವರು. ಆಳುಗಳ ಕಣ್ಣಿನಿಂದ ಬರೆದಿದ್ದರೆ ಅದು ಬೇರೆಯೇ ಆಗುತ್ತಿತ್ತು ಎಂಬ ಮಾತಿನಲ್ಲಿ ಸತ್ಯವಿದೆ. ಆದರೂ ಕುವೆಂಪು ಗುತ್ತಿಯನ್ನು ಕರುಣೆಯ ವಸ್ತುವಾಗಿ ಮಾಡಲಿಲ್ಲ. ಅವನು ಪ್ರೀತಿಸುತ್ತಾನೆ, ಸುಳ್ಳು ಹೇಳುತ್ತಾನೆ, ಜಂಬ ಪಡುತ್ತಾನೆ, ಹೆದರುತ್ತಾನೆ. ಕಾಡು ಅವನಿಗೆ ಅಂಗೈಯ ಗೆರೆಯಷ್ಟು ಪರಿಚಿತ. ಟಬ್‌ಮನ್ ಮೇಲೆ ನೋಡಿ ನಡೆದಳು, ಗುತ್ತಿ ಕಾಲಕೆಳಗಿನ ದಾರಿಯನ್ನು ನಂಬಿ ನಡೆದ. ಇನ್ನೊಂದು ವ್ಯತ್ಯಾಸ ಇದಕ್ಕಿಂತ ದೊಡ್ಡದು. ಟಬ್‌ಮನ್‌ಗೆ ತಲುಪಲು ಒಂದು ‘ಉತ್ತರ’ವಿತ್ತು, ಗುಲಾಮಗಿರಿ ಇಲ್ಲದ ನೆಲವಿತ್ತು. ಗುತ್ತಿಗೆ ಗಡಿ ದಾಟಿದರೆ ಸಿಗುವುದು ಇನ್ನೊಬ್ಬ ಒಡೆಯನ ಗಡಿ. ಹೊಸ ಒಡೆಯ ಆಶ್ರಯ ಕೊಟ್ಟರೆ ಹಳೆಯ ಒಡೆಯನ ಕೈಯಿಂದ ಪಾರು, ಅಷ್ಟೇ. ಯಾವ ನಕ್ಷತ್ರ ತೋರಿಸಬೇಕು ಅಂಥವನಿಗೆ ದಾರಿ?

ಕಾದಂಬರಿ ಕೊನೆಗೆ ಬರುವುದು ತುಂಗಾ ನದಿಗೆ. ತುಂಬಿದ ಹೊಳೆಯಲ್ಲಿ ಗುತ್ತಿ ಹುಲಿಯನನ್ನು ಕಳೆದುಕೊಳ್ಳುತ್ತಾನೆ. ಇದನ್ನು ಓದಿದ ಮೇಲೆ ನಾವು ಭೂಪಟ ಬಿಡಿಸಿ ನೋಡಿದೆವು. ತುಂಗೆ ಶೃಂಗೇರಿಯಿಂದ ತೀರ್ಥಹಳ್ಳಿಯ ಕಡೆಗೆ, ಭದ್ರೆ ಕಳಸ, ಬಾಳೆಹೊನ್ನೂರುಗಳ ಮೇಲಿನಿಂದ ನರಸಿಂಹರಾಜಪುರದ ಕಡೆಗೆ, ಎರಡೂ ಒಟ್ಟಿನಲ್ಲಿ ಉತ್ತರಕ್ಕೇ ಹರಿದು ಕೂಡ್ಲಿಯಲ್ಲಿ ಸೇರುತ್ತವೆ. ಕತ್ತಲೆಯಲ್ಲಿ, ಮಳೆಯಲ್ಲಿ, ದೊಂದಿ ಹಚ್ಚಿದರೆ ಸಿಕ್ಕಿಬೀಳುವ ಭಯದಲ್ಲಿ, ಹಳ್ಳದ ಸದ್ದು ಹಿಡಿದು ಇಳಿದವನು ಹೊಳೆ ಸೇರುತ್ತಾನೆ. ಹೊಳೆ ಹಿಡಿದವನು ಉತ್ತರಕ್ಕೆ ಹೋಗುತ್ತಾನೆ. ಧ್ರುವ ಮಾಡುವ ಕೆಲಸವನ್ನು ಇಲ್ಲಿ ನೀರು ಮಾಡಬಲ್ಲದು.

ಈ ಕಾದಂಬರಿ 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ನಾಟಕವಾಯಿತು. ರಂಗರೂಪ ಕೆ. ವೈ. ನಾರಾಯಣಸ್ವಾಮಿ ಅವರದು, ನಿರ್ದೇಶನ ಸಿ. ಬಸವಲಿಂಗಯ್ಯ ಅವರದು, ಸಂಗೀತ ಹಂಸಲೇಖ ಅವರದು. ಬೇರೆ ಬೇರೆ ರಂಗಸ್ಥಳಗಳು, ಸುಮಾರು ಒಂಬತ್ತು ಗಂಟೆ, ಇಡೀ ರಾತ್ರಿ. ಪ್ರೇಕ್ಷಕರು ಒಂದೆಡೆ ಕೂರುವಂತಿಲ್ಲ, ದೃಶ್ಯದಿಂದ ದೃಶ್ಯಕ್ಕೆ ಎದ್ದು ನಡೆಯಬೇಕು. ಗುತ್ತಿ ತಿಮ್ಮಿಯರ ರಾತ್ರಿಯನ್ನು ಬಯಲಿನಲ್ಲಿ, ನಿದ್ದೆಗೆಟ್ಟು, ಚಳಿಗೆ ಕಂಬಳಿ ಹೊದ್ದು ನೋಡುವಾಗ ಕನ್ನಡ ಪ್ರೇಕ್ಷಕ ಒಂದು ರಾತ್ರಿಯ ಮಟ್ಟಿಗಾದರೂ ಅವರ ಜೊತೆ ಎಚ್ಚರವಿದ್ದ. ಲಾರೆನ್ಸನ 31 ಚಿತ್ರಗಳ ಪಕ್ಕದಲ್ಲಿ ಇದನ್ನು ಇಡಲು ನಮಗೆ ಹಿಂಜರಿಕೆಯಿಲ್ಲ.

ಓಡುವವರಿಗೆ ಇನ್ನೊಂದು ದಿಕ್ಕೂ ತೆರೆದಿತ್ತು. ಬಾಬಾ ಬುಡನ್ ಯಮನಿನಿಂದ ಏಳು ಬೀಜ ತಂದು ಬಿತ್ತಿದರೆಂಬ ಐತಿಹ್ಯದ ಕಾಫಿ, ಹತ್ತೊಂಬತ್ತನೆಯ ಶತಮಾನದಲ್ಲಿ ದೊರೆಗಳ ಎಸ್ಟೇಟಾಗಿ ಬೆಳೆದಾಗ, ಕೂಲಿ ಕೊಡುವ ಕೆಲಸ ಎಂದರೆ ಬಿಡುಗಡೆಯಂತೆ ಕಂಡಿರಬೇಕು. ಆದರೆ ಕೂಲಿಗೆ ಮೊದಲು ಮುಂಗಡ ಬಂತು, ಮುಂಗಡದ ಹಿಂದೆ ಮೇಸ್ತ್ರಿ ಬಂದ. ಮುಂಗಡ ಪಡೆದು ಕೆಲಸ ಬಿಟ್ಟವನನ್ನು ಅಪರಾಧಿಯೆಂದು ಕಾಣುವ ಕಾಯ್ದೆ 1859ರಿಂದಲೇ ಬ್ರಿಟಿಷರ ಕೈಯಲ್ಲಿತ್ತು. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ ಚೋಮನ ಮಕ್ಕಳು ಸಾಲ ತೀರಿಸಲು ಘಟ್ಟ ಹತ್ತಿ ಬರುವುದು ಇಂಥ ಕಾಫಿ ತೋಟಕ್ಕೇ.

ಕರ್ನಾಟಕದಲ್ಲಿ ಸಮುದ್ರ ದಾಟಿ ಬಂದ ಗುಲಾಮರ ಸಂತತಿಯೂ ಇದೆ ಎಂಬುದನ್ನು ಮರೆಯುವಂತಿಲ್ಲ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡುಗಳ ಸಿದ್ದಿಗಳು. ಪೂರ್ವಿಕರಲ್ಲಿ ಬಹಳ ಮಂದಿಯನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವಾಕ್ಕೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಗೋವಾದಿಂದ ಆ ಕಾಡು ಇರುವುದು ಪೂರ್ವ, ಆಗ್ನೇಯಕ್ಕೆ. ಧ್ರುವ ಅವರ ಎಡಗಡೆಗೇ ಉಳಿದಿರಬೇಕು. ಇಂದು ಅವರಲ್ಲಿ ಮುಸ್ಲಿಮರಿದ್ದಾರೆ, ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ. 2003ರಲ್ಲಿ ಪರಿಶಿಷ್ಟ ಪಂಗಡವೆಂಬ ಮಾನ್ಯತೆ ಸಿಕ್ಕಿತು. ಮೂರೂ ಧರ್ಮದ ಸಿದ್ದಿ ಹೆಂಗಸರು ಹಳೆಯ ಸೀರೆ, ಅಂಗಿ ತುಂಡುಗಳಿಂದ ಹೊಲಿಯುವ ಕೌದಿಗೆ ‘ಕವಂದ್’ ಎನ್ನುತ್ತಾರೆ. ಅಂಚಿನಿಂದ ಆರಂಭಿಸಿ ಸುತ್ತುತ್ತ ನಡುವಿಗೆ ಬರುವುದು ಅವರ ಕ್ರಮ. ಮೂಲೆಗಳಲ್ಲಿ ಮಡಿಸಿ ಕೂರಿಸುವ ತ್ರಿಕೋನದ ತುಂಡಿಗೆ ಹೂವು, ‘ಫೂಲಾ’, ಎಂದು ಹೆಸರು. ಅದಿಲ್ಲದಿದ್ದರೆ ಕೌದಿ ಪೂರ್ತಿಯಾದಂತಲ್ಲ. ಕೆಲವು ಮುಸ್ಲಿಮರ ಕೌದಿಯಲ್ಲಿ ಅರ್ಧಚಂದ್ರ, ಕ್ರೈಸ್ತರದರಲ್ಲಿ ಶಿಲುಬೆ ಇಣುಕುತ್ತದೆ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ 2000ರ ದಶಕದಲ್ಲಿ ಇವುಗಳನ್ನು ಅಭ್ಯಾಸ ಮಾಡಿ ಹೊರಗಿನ ಪ್ರದರ್ಶನಗಳಿಗೆ ತಲುಪಿಸಿದರು, ಹೆಂಗಸರ ಸಹಕಾರ ಸಂಘವೂ ಆಯಿತು. ಜಾರ್ಜಿಯಾದ ಕೌದಿಯನ್ನು ನೋಡಿದ ಕಣ್ಣಿಗೆ ಹಳಿಯಾಳದ ಕೌದಿ ಅಕ್ಕತಂಗಿಯಂತೆ ಕಂಡರೆ ತಪ್ಪಲ್ಲ. ಆದರೆ ಅದರಲ್ಲಿ ಗುಪ್ತ ದಾರಿಯನ್ನೋ ನಕ್ಷತ್ರದ ಸಂಕೇತವನ್ನೋ ಹುಡುಕಲು ಹೋಗಬಾರದು. ಅದು ಮಗುವಿಗೆ ಹೊದಿಸಲು ಹೊಲಿದದ್ದು. ಮಾರಿ ಬೇರ್ಪಡಿಸಲಾಗದ ಮಗು ಎಂಬುದೇ ಆ ಹೊದಿಕೆಯ ಇತಿಹಾಸ.

ಕೊಪ್ಪದಿಂದ ನಾವು ಮರುದಿನ ನರಸಿಂಹರಾಜಪುರಕ್ಕೆ ಹೋದೆವು. ಹಳಬರ ಬಾಯಲ್ಲಿ ಅದು ಎಡೇಹಳ್ಳಿ. ಸಂಜೆ ಭದ್ರಾ ಹಿನ್ನೀರಿನ ದಂಡೆಗೆ ಇಳಿದೆವು. ಲಕ್ಕವಳ್ಳಿಯ ಅಣೆಕಟ್ಟು ಕಟ್ಟಿದಾಗ ಮುಳುಗಿದ ಗದ್ದೆಗಳು ಆ ನೀರಿನ ಅಡಿಯಲ್ಲಿವೆ. ಹುಟ್ಟಾಳುಗಳು ನಾಟಿ ಮಾಡಿದ ಗದ್ದೆಗಳೂ ಅವುಗಳಲ್ಲಿ ಇದ್ದಿರಬೇಕು. ಬೇಸಗೆಯಾದ್ದರಿಂದ ನೀರು ಹಿಂದೆ ಸರಿದು ಕೆಸರಿನ ಬಯಲು ಕಾಣುತ್ತಿತ್ತು. ಕತ್ತಲಾಗುತ್ತ ಬಂದಂತೆ ನೀರಿನ ಮೇಲೆ ಉತ್ತರದ ಆಕಾಶ ತೆರೆದುಕೊಂಡಿತು. ಪುಲಹ, ಕ್ರತು, ಗೆರೆ, ಐದು ಪಟ್ಟು. ಈ ಸಲ ಅಡ್ಡ ಮರವಿರಲಿಲ್ಲ. ಅಷ್ಟೇನೂ ಪ್ರಕಾಶವಿಲ್ಲದ, ತನ್ನಷ್ಟಕ್ಕೆ ನಿಂತ ಒಂದು ನಕ್ಷತ್ರ. ಕೈ ಚಾಚಿ ಅಳೆದೆವು. ಒಂದು ಮುಷ್ಟಿ, ಮೇಲೆ ಎರಡು ಬೆರಳು.